ದನಿಗೆ ವಯಸ್ಸಾಗುವ ಮೊದಲು

ಗಂಗೂಬಾಯಿ ಹಾನಗಲ್ಲರನ್ನು ಸಭೆಯಲ್ಲಿ ಕೇಳಿದವರಿಗೆಲ್ಲ ಅವರ ದನಿಯ ಪರಿಚಯ ಒಂದೇ ಬಗೆಯದು. ಮಂದ್ರಕ್ಕೆ ಇಳಿದು ನಿಂತರೆ ತಂಬೂರಿಯೇ ಸಣ್ಣದಾಯಿತೇನೋ ಎನಿಸುವ ಭಾರದ, ಗಟ್ಟಿ ದನಿ. ಮುಖ ನೋಡದೆ ರೇಡಿಯೊದಲ್ಲಿ ಕೇಳಿದ ಹೊಸಬರು ಗಂಡಸರು ಹಾಡುತ್ತಿದ್ದಾರೆ ಎಂದೇ ತಿಳಿಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಆ ದನಿ ಊರಿನ ಗಾಳಿ ನೀರಿನಷ್ಟೇ ಸಹಜವಾಗಿತ್ತು. ಆಕಾಶವಾಣಿಯಲ್ಲಿ ಕೇಳಿದ್ದು ಅದನ್ನೇ, ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಸಂಗೀತದಲ್ಲಿ ಕೇಳಿದ್ದೂ ಅದನ್ನೇ. ಹೀಗಿರುವಾಗ ಒಂದು ದಿನ ಅಜ್ಜ ತನ್ನ ಟ್ರಂಕಿನಿಂದ ತೆಗೆದ ಗ್ರಾಮಫೋನ್ ಪ್ಲೇಟೊಂದರಲ್ಲಿ ಎಳೆ ಹುಡುಗಿಯೊಬ್ಬಳು ಹಾಡತೊಡಗಿದಳು. ತೆಳ್ಳಗಿನ, ಚೂಪಾದ ದನಿ. ತಾರಸಪ್ತಕಕ್ಕೆ ಎಲ್ಲಿಯೂ ಎಡವದೆ ಏರುತ್ತಿತ್ತು. ಯಾರಿದು ಎಂದು ಕೇಳಿದೆ.

“ನಮ್ಮ ಗಂಗೂಬಾಯೇನ. ಗಾಂಧಾರಿ ಅಂತ ಹೆಸರು ಹಾಕ್ಯಾರ ನೋಡು,” ಎಂದ ಅಜ್ಜ.

ಹೌದು, 1930ರ ದಶಕದಲ್ಲಿ ಎಚ್‌ಎಂವಿಯವರು ಅವರ ಮೊದಲ ಪ್ಲೇಟುಗಳನ್ನು ಹೊರತಂದದ್ದು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರಿನಲ್ಲಿ. ಹುಟ್ಟಿದ್ದು 1913ರಲ್ಲಿ, ಅಂದರೆ ಆಗಿನ್ನೂ ಇಪ್ಪತ್ತರ ಆಸುಪಾಸು. ಜಿ. ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಗಳೂ ಆ ಕಾಲದವೇ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ತಗ್ಗಿತು. ತಗ್ಗಿದ ದನಿಯಲ್ಲೇ ಅವರು ಕಿರಾಣಾ ಘರಾಣೆಯ ಗಾಯಕಿಯನ್ನು ಹೊಸದಾಗಿ ಕಟ್ಟಿಕೊಂಡರು, ನಾವೆಲ್ಲ ಕೈಮುಗಿದದ್ದು ಅದಕ್ಕೆ. ಆದರೆ ಆ ಮೊದಲಿನ ದನಿ ಅವರ ಕೊರಳಿನಲ್ಲೂ ಉಳಿದಿರಲಿಲ್ಲ. ಅದು ಉಳಿದದ್ದು ಅರಗಿನ ಪ್ಲೇಟಿನ ಗೀರುಗಳಲ್ಲಿ ಮಾತ್ರ. ಹಳೆಯ ಯಂತ್ರಗಳನ್ನು ಚಾಲೂ ಇಡಬೇಕೆಂಬ ನನ್ನ ಹಟ ಅಲ್ಲಿಂದ ಬಂದದ್ದು. ಒಂದೊಂದು ಕಾಲದ ದನಿ ಆ ಕಾಲದ ಸಾಧನದೊಳಗೇ ಕೂತಿರುತ್ತದೆ. ಸಾಧನ ಹೋದರೆ ದನಿಯೂ ಹೋಯಿತು.

ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಅವನ ಗ್ರಾಮಫೋನು ಎಚ್‌ಎಂವಿ 102, ಕೈಯಲ್ಲಿ ಹಿಡಿದು ಒಯ್ಯುವ ಪೆಟ್ಟಿಗೆಯ ಮಾದರಿ. 1931ರಿಂದ ಸುಮಾರು ಕಾಲು ಶತಮಾನ ಅದು ತಯಾರಾಗುತ್ತಲೇ ಇತ್ತು. ಕಪ್ಪು ಹೊದಿಕೆ, ಮುಚ್ಚಳದ ಒಳಗೆ ಪ್ಲೇಟು ಇಡುವ ಜಾಗ, ಬದಿಯಲ್ಲಿ ಚಾವಿ. ಹೂವಿನಂಥ ಕಹಳೆ ಅದಕ್ಕಿಲ್ಲ. ಕಹಳೆ ಪೆಟ್ಟಿಗೆಯೊಳಗೇ ಮಡಚಿಕೊಂಡಿದೆ. ವಿದ್ಯುತ್ತಿನ ಹಂಗಿಲ್ಲ. ಸೂಜಿ ಗೀರಿನಲ್ಲಿ ಅಲುಗುತ್ತದೆ, ಆ ಅಲುಗಾಟ ಸೌಂಡ್‌ಬಾಕ್ಸಿನೊಳಗಿನ ತೆಳು ಅಲ್ಯುಮಿನಿಯಂ ಪರದೆಯನ್ನು ನಡುಗಿಸುತ್ತದೆ, ಪರದೆ ಗಾಳಿಯನ್ನು ತಳ್ಳುತ್ತದೆ. ಅಷ್ಟೇ. ನಡುವೆ ಬೇರೆ ಯಾವ ಮಾಯೆಯೂ ಇಲ್ಲ. 1877ರಲ್ಲಿ ಎಡಿಸನ್ ತವರದ ಹಾಳೆಯ ಮೇಲೆ ಮಾಡಿದ್ದೂ, ಹತ್ತು ವರ್ಷದ ಮೇಲೆ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಗೆ ಇಳಿಸಿದ್ದೂ ಇದೇ ಉಪಾಯ.

ಅಜ್ಜನ ಮನೆಯಲ್ಲಿ ಪ್ಲೇಟು ಹಾಕುವುದಕ್ಕೆ ಕಟ್ಟುನಿಟ್ಟು ಇತ್ತು. ಕೈ ತೊಳೆದು, ಒರೆಸಿಕೊಂಡು, ಅಂಚು ಮತ್ತು ನಡುವಿನ ಚೀಟಿ ಬಿಟ್ಟು ಬೇರೆಲ್ಲೂ ಮುಟ್ಟದೆ ಹಿಡಿಯಬೇಕು. ಒಂದು ಮಗ್ಗುಲು ಮುಗಿದ ತಕ್ಷಣ ಸೂಜಿ ಬದಲಿಸಬೇಕು. ಉಕ್ಕಿನ ಸೂಜಿಗಳು ಸಣ್ಣ ತಗಡಿನ ಡಬ್ಬಿಯಲ್ಲಿ ನೂರಾರು ಸಂಖ್ಯೆಯಲ್ಲಿ ಬರುತ್ತಿದ್ದವು. ಒಂದೇ ಹಾಡಿಗೆ ಸೂಜಿ ಎಸೆಯುವುದು ನನಗೆ ದುಂದು ಎನಿಸುತ್ತಿತ್ತು. ಕಾರಣ ಅಜ್ಜನೇ ಹೇಳಿದ: ಪ್ಲೇಟಿನಲ್ಲಿ ಅರಗಿನ ಜೊತೆ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಮೊದಲ ಕೆಲವು ಸುತ್ತುಗಳಲ್ಲೇ ಆ ಪುಡಿ ಸೂಜಿಯ ಮೊನೆಯನ್ನು ತೇದು ಗೀರಿಗೆ ಸರಿಹೊಂದಿಸುತ್ತದೆ. ಹಾಡು ಮುಗಿಯುವಷ್ಟರಲ್ಲಿ ಮೊನೆಗೆ ಉಳಿಯಂಥ ಅಂಚು ಬಂದಿರುತ್ತದೆ. ಅದೇ ಸೂಜಿಯಿಂದ ಇನ್ನೊಂದು ಹಾಡು ಹಾಕಿದರೆ ಆ ಅಂಚು ಗೀರಿನ ಗೋಡೆಯನ್ನೇ ಕೆತ್ತುತ್ತದೆ. ಸೂಜಿ ಸವೆಯಲೆಂದೇ ಇರುವುದು, ಪ್ಲೇಟು ಉಳಿಯಲಿ ಎಂದು. ಸ್ಪಿರಿಟ್ ಹಚ್ಚಿ ಒರೆಸಬಾರದೆಂಬ ನಿಯಮವೂ ಇತ್ತು. ಬಡಿಗರು ಕುರ್ಚಿ ಮೇಜಿಗೆ ಹಚ್ಚುವ ಪಾಲಿಶ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗೇ; ಹಾಗಾಗಿ ಪ್ಲೇಟಿಗೆ ಸ್ಪಿರಿಟ್ ತಾಗಿದರೆ ಹಾಡೇ ಕರಗಿಹೋಗುತ್ತದೆ. ಆ ಅರಗಿಗೆ ಜಗತ್ತೆಲ್ಲ ನಮ್ಮ ದೇಶದ ಕಾಡುಗಳನ್ನೇ ನಂಬಿತ್ತು. ಅಮೆರಿಕದ ಪ್ಲೇಟಿನಲ್ಲೂ ಇಲ್ಲಿನ ಮರಗಳ ಮೇಲೆ ಹುಳು ಸುರಿಸಿದ ಅಂಟು ಇರುತ್ತಿತ್ತು ಎಂಬುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಅಜ್ಜ ತೀರಿದ ಮೇಲೆ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಬರುವಾಗಲೇ ಅದರ ಓಟ ಕೆಟ್ಟಿತ್ತು. ಹಾಡು ನಡುಗುತ್ತಿತ್ತು, ಷಡ್ಜ ಹಿಡಿದು ನಿಂತವರ ದನಿಯೂ ಮೇಲೆ ಕೆಳಗೆ ತೂಗುತ್ತಿತ್ತು. ದುರ್ಗದಬೈಲಿನ ಹತ್ತಿರ ಗಡಿಯಾರ, ಹೊಲಿಗೆ ಯಂತ್ರ, ಗ್ರಾಮಫೋನು ಮೂರನ್ನೂ ರಿಪೇರಿ ಮಾಡುತ್ತಿದ್ದ ಕಾಕಾ ಒಬ್ಬರಿದ್ದರು. ಅವರು ಮೇಲಿನ ಹಲಗೆಯ ಸ್ಕ್ರೂ ಬಿಚ್ಚಿ, ಹಲಗೆಯನ್ನು ಮಗುಚಿ ಹಿಡಿದು, ಗವರ್ನರ್ ಎಂಬ ಭಾಗವನ್ನು ಬೆರಳಿನಿಂದ ತೋರಿಸಿದರು. ಒಂದು ಸಣ್ಣ ಅಚ್ಚು. ಅದರ ಸುತ್ತ ಮೂರು ತೆಳು ಉಕ್ಕಿನ ಪಟ್ಟಿ, ಪ್ರತಿ ಪಟ್ಟಿಯ ನಡುವೆ ಒಂದು ಸೀಸದ ಗುಂಡು. ಮೋಟಾರು ಜೋರಾದರೆ ಗುಂಡುಗಳು ಹೊರಕ್ಕೆ ಚಿಮ್ಮುತ್ತವೆ, ಅಚ್ಚಿನ ಮೇಲಿನ ಬಿಲ್ಲೆಯನ್ನು ಎಳೆದು ಒಂದು ಚರ್ಮದ ತುಣುಕಿಗೆ ಒತ್ತುತ್ತವೆ. ಆ ಉಜ್ಜಾಟವೇ ಬ್ರೇಕು. ನಮ್ಮದರಲ್ಲಿ ಒಂದು ಪಟ್ಟಿ ಸೀಳಿತ್ತು. ಎರಡು ಗುಂಡು ಒಂದು ಲೆಕ್ಕದಲ್ಲಿ, ಮೂರನೆಯದು ಇನ್ನೊಂದು ಲೆಕ್ಕದಲ್ಲಿ ತಿರುಗುತ್ತಿದ್ದವು.

“ಒಂದನ್ನಷ್ಟೇ ಬದಲಿ ಮಾಡಿದರ ನಡಿಯಂಗಿಲ್ಲ ತಮ್ಮಾ, ಮೂರೂ ಒಂದ ತೂಕ, ಒಂದ ಬಾಗು ಇರಬೇಕು. ಇಲ್ಲಂದ್ರ ದೊಡ್ಡ ದೊಡ್ಡ ಉಸ್ತಾದರೂ ಬೇಸೂರ ಆಗ್ತಾರ,” ಎಂದರು ಕಾಕಾ. ಗಡಿಯಾರದ ಹಳೆಯ ಸ್ಪ್ರಿಂಗಿನಿಂದ ಮೂರು ಪಟ್ಟಿ ಕತ್ತರಿಸಿ, ಅರದಿಂದ ಅಂಚು ತೀಡಿ, ಒಂದನ್ನೊಂದರ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ ಕೂರಿಸಿದರು. ಚರ್ಮದ ತುಣುಕಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ. ಆ ಒಂದು ಮಧ್ಯಾಹ್ನದಲ್ಲಿ ನಾನು ಕಲಿತದ್ದು ಬಹಳ.

ಓಟ ನೆಟ್ಟಗಾದ ಮೇಲೆ ಗಾಂಧಾರಿಯ ಪ್ಲೇಟನ್ನೇ ಮೊದಲು ಹಾಕಿದೆ. ದನಿ ತೆಳ್ಳಗೇ ಇತ್ತು. ಒಬ್ಬ ಹಾರ್ಮೋನಿಯಂ ಮಾಸ್ತರರು ಕೇಳಿ, ತಟ್ಟೆ ಜೋರಾಗಿ ತಿರುಗುತ್ತಿರಬೇಕು, ಅದಕ್ಕೇ ಹುಡುಗಿಯ ದನಿ ಎಂದರು. ಸಂಶಯ ನ್ಯಾಯವಾದದ್ದೇ. ನಿಮಿಷಕ್ಕೆ 78 ಸುತ್ತು ಇರಬೇಕಾದಲ್ಲಿ ನಾಲ್ಕೂವರೆ ಸುತ್ತು ಹೆಚ್ಚಾದರೆ ಹಾಡು ಅರ್ಧ ಸ್ವರ ಮೇಲೇರುತ್ತದೆ. ಇದನ್ನು ತಿಳಿಯಲು ಒಂದು ಸುಂದರವಾದ ಉಪಾಯವಿದೆ. ದುಂಡು ಕಾಗದದ ಅಂಚಿನಲ್ಲಿ ಸಮ ಅಂತರದಲ್ಲಿ 77 ಕಪ್ಪು ಗೆರೆ ಎಳೆದು ತಟ್ಟೆಯ ಮೇಲಿಟ್ಟು, ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಬೇಕು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಟುಕುತ್ತದೆ. ವೇಗ ಸರಿಯಿದ್ದರೆ ಗೆರೆಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ; ಜೋರಿದ್ದರೆ ಮುಂದಕ್ಕೆ ಹರಿಯುತ್ತವೆ, ನಿಧಾನವಿದ್ದರೆ ಹಿಂದಕ್ಕೆ. (ಈಗಿನ ಎಲ್‌ಇಡಿ ಬಲ್ಬುಗಳು ಬಹುಪಾಲು ಹೀಗೆ ಮಿಟುಕುವುದಿಲ್ಲ, ಆದ್ದರಿಂದ ಒಂದು ಹಳೆಯ ಟ್ಯೂಬ್‌ಲೈಟನ್ನು ಇದಕ್ಕೆಂದೇ ಉಳಿಸಿಕೊಂಡಿದ್ದೇನೆ.) ಗೆರೆಗಳು ನಿಂತವು. ಮಾಸ್ತರರು ತಮ್ಮ ಪೆಟ್ಟಿಗೆ ತೆಗೆದು ಪ್ಲೇಟಿನೊಳಗಿನ ಹಾರ್ಮೋನಿಯಮ್ಮಿನ ಜೊತೆ ಸ್ವರ ಹಿಡಿದು ನೋಡಿದರು. ಮನೆಗಳು ಹೊಂದಿಕೊಂಡವು. ಯಂತ್ರದ ತಪ್ಪಲ್ಲ, ದನಿಯೇ ಹಾಗಿತ್ತು ಎಂದು ಒಪ್ಪಿ, ಅವರು ಅದನ್ನು ಇನ್ನೊಮ್ಮೆ ಹಾಕಲು ಹೇಳಿದರು.

ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಹಾಡುವವರಿಗೆ ಮೂರು ನಿಮಿಷವೆಂದರೆ ಏನು? ಸಂಗೀತ ಬಲ್ಲವರು ಅನೇಕರು ಅದನ್ನು ಅಂಗಚ್ಛೇದ ಎಂದೇ ಬಗೆಯುತ್ತಾರೆ. ನಾನು ಒಪ್ಪುವುದಿಲ್ಲ. ಅಬ್ದುಲ್ ಕರೀಂ ಖಾನರ ಪ್ಲೇಟುಗಳನ್ನು ಕೇಳಿ. ಮೊದಲ ಸ್ವರಕ್ಕೇ ರಾಗದ ಮುಖ ಕಾಣುತ್ತದೆ, ಎರಡನೆಯ ಆವರ್ತನಕ್ಕೆ ಅದರ ಮನಸ್ಸು ತಿಳಿಯುತ್ತದೆ, ಒಂದು ಸ್ವರವೂ ಹೊತ್ತು ಕಳೆಯಲು ಬಂದದ್ದಲ್ಲ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ಪ್ಲೇಟುಗಳಲ್ಲೂ ಇದೇ ಬಿಗಿ. ಅದಿಲ್ಲದಿದ್ದರೆ ಗದಗಿನ ಅಂಗಡಿಯೊಂದರಲ್ಲಿ ಕೇಳಿದ ಖಾನರ ಝಿಂಝೋಟಿಯ ಠುಮರಿಯೊಂದು ಭೀಮಸೇನ ಜೋಶಿ ಎಂಬ ಹುಡುಗನನ್ನು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡುವಂತೆ ಮಾಡುತ್ತಿತ್ತೇ? ಆ ಠುಮರಿಯ ಹಾಗೆ ಹಾಡಬೇಕೆಂಬ ಹಂಬಲ ತನ್ನನ್ನು ಹಿಡಿಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಗುರುವಿಲ್ಲದ ಊರಿಗೆ ಗುರುವಿನ ದನಿಯನ್ನು ಮೊದಲು ತಲುಪಿಸಿದ್ದು ಅರಗಿನ ಪ್ಲೇಟು.

ಇದೆಲ್ಲ ಶುರುವಾದದ್ದು ಕಲಕತ್ತೆಯಲ್ಲಿ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಅಲ್ಲಿ ಗೌಹರ್ ಜಾನ್ ಅವರ ಹಾಡು ಹಿಡಿದ. ಮೈಕು ಎಂಬುದೇ ಇರಲಿಲ್ಲ. ಗೋಡೆಯಿಂದ ಚಾಚಿದ ಕಹಳೆಯ ಬಾಯಿಗೆ ಮುಖವಿಟ್ಟು ಕೂಗಿ ಹಾಡಬೇಕು. ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹಡಗಿನಲ್ಲಿ ಹೋಗಿ, ಅಲ್ಲಿ ಪ್ಲೇಟಾಗಿ ಮರಳಬೇಕು. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಲೆಂದು ಹಾಡಿನ ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಸಾರುತ್ತಿದ್ದರು. ದೊಡ್ಡ ಉಸ್ತಾದರು ಹಿಂಜರಿದಾಗ ಕಹಳೆಯ ಮುಂದೆ ಧೈರ್ಯವಾಗಿ ಕೂತವರು ಗೌಹರ್ ಜಾನ್ ಅವರಂಥ ಹೆಣ್ಣುಮಕ್ಕಳು. ಸಮಾಜ ಅವರನ್ನು ಹೊಸ್ತಿಲಾಚೆ ನಿಲ್ಲಿಸಿತ್ತು. ಅವರ ದನಿ ಮಾತ್ರ ಮರ್ಯಾದಸ್ಥರ ನಡುಮನೆಗೇ ಬಂತು. 1925ರ ಸುಮಾರಿಗೆ ಮೈಕಿನ ಧ್ವನಿಮುದ್ರಣ ಬಂದ ಮೇಲೆ ಕೂಗುವ ಅಗತ್ಯ ತಪ್ಪಿ, ಮೆಲ್ಲಗೆ ಹಾಡುವವರಿಗೂ ಜಾಗ ಸಿಕ್ಕಿತು. ಕೆಲ ವರ್ಷಗಳಲ್ಲಿ ಕಲಕತ್ತೆಯ ಡಂಡಂ ಕಾರ್ಖಾನೆ ಎದ್ದಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ಹಾಡುಗಳು, ಪಿ. ಕಾಳಿಂಗರಾಯರ ಭಾವಗೀತೆಗಳು ನಮ್ಮ ಮನೆಗಳಿಗೆ ಬಂದದ್ದು ಈ ದಾರಿಯಲ್ಲೇ.

ಅಪ್ಪನ ಕಾಲಕ್ಕೆ ಪ್ಲೇಟು ಹಗುರವಾಯಿತು, ಬಿದ್ದರೆ ಒಡೆಯದಂತಾಯಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಮೂವತ್ತಮೂರೂ ಮೂರನೆಯ ಒಂದು ಸುತ್ತಿನ ಎಲ್‌ಪಿಯನ್ನೂ, ಮರುವರ್ಷ ಆರ್‌ಸಿಎ 45 ಸುತ್ತಿನ ಸಣ್ಣ ಪ್ಲೇಟನ್ನೂ ತಂದವು. ಅಪ್ಪ ಕೊಂಡದ್ದು ಎಚ್‌ಎಂವಿ ಫಿಯೆಸ್ಟಾ ರೆಕಾರ್ಡ್ ಪ್ಲೇಯರ್. ಎಲ್‌ಪಿ ದುಬಾರಿ, ಹಾಗಾಗಿ ಮನೆಗೆ ಬರುತ್ತಿದ್ದವು ನಾಲ್ಕು ಹಾಡಿನ ಇಪಿಗಳು, ಬಹುಪಾಲು ಸಿನಿಮಾದವು. ಅದೇ ಇಪಿಗಳನ್ನು ಮೈಕ್‌ಸೆಟ್ಟಿನವರು ಮದುವೆಗೆ, ಜಾತ್ರೆಗೆ ಒಯ್ಯುತ್ತಿದ್ದರು. ಅಹುಜಾ ಆಂಪ್ಲಿಫೈಯರ್, ಮರಕ್ಕೆ ಕಟ್ಟಿದ ಕಹಳೆ ಸ್ಪೀಕರ್. ರಾಜಕುಮಾರ್ ಹಾಡು ನಾಲ್ಕು ಹೊಲ ದಾಟಿ ಕೇಳುತ್ತಿತ್ತು. ಸಂಗೀತ ಕೇಳುವುದಕ್ಕೆ ದುಡ್ಡು ಬೇಕೆಂಬ ಮಾತು ಸುಳ್ಳಾದದ್ದು ಅಲ್ಲಿ. ನೆರೆಮನೆಯ ಎಂಜಿನಿಯರೊಬ್ಬರು ವಾಲ್ವಿನ ಆಂಪ್ಲಿಫೈಯರನ್ನು ತಾವೇ ಕಟ್ಟಿಕೊಂಡಿದ್ದರು. ವಾಲ್ವುಗಳು ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನವು. ಸ್ವಿಚ್ ಹಾಕಿದರೆ ಗಾಜಿನೊಳಗೆ ಕೆಂಪು ಎಳೆ ಮೂಡಿ, ಅರ್ಧ ನಿಮಿಷ ಕಾದ ಮೇಲೆ ದನಿ ಬರುತ್ತಿತ್ತು. ನಮ್ಮ ರಾಜ್ಯದಲ್ಲೇ ತಯಾರಾದ ಆ ವಾಲ್ವುಗಳಲ್ಲಿ ಕೆಲವು ಇಂದಿಗೂ ಉರಿಯುತ್ತಿವೆ, ಒಂದು ಜೋಡಿ ನನ್ನಲ್ಲೇ ಇದೆ.

ಎಲ್‌ಪಿಯ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಅಮೆರಿಕದಲ್ಲಿ ಎಲ್‌ಪಿಯಾಗಿ ಬಂತು. ವಿಲಂಬಿತಕ್ಕೆ ಉಸಿರಾಡಲು ಜಾಗ ಸಿಕ್ಕಿದ್ದು ಆಗ. ಆದರೆ ನಮ್ಮ ಭಾಗದ ಸಂಗೀತಕ್ಕೆ ಇನ್ನೂ ದೊಡ್ಡ ಉಪಕಾರ ಮಾಡಿದ್ದು ಟೇಪು. 1935ರಲ್ಲಿ ಬರ್ಲಿನ್ನಿನಲ್ಲಿ ಎಇಜಿ ಕಂಪನಿ ತೋರಿಸಿದ ಮ್ಯಾಗ್ನೆಟೋಫೋನಿನ ಸಂತತಿ ಯುದ್ಧದ ನಂತರ ಎಲ್ಲೆಡೆ ಹಬ್ಬಿತು. ಹುಬ್ಬಳ್ಳಿ ಧಾರವಾಡದಲ್ಲಿ ಸ್ಪೂಲ್ ಟೇಪ್ ರೆಕಾರ್ಡರ್ ಇದ್ದ ರಸಿಕರು ಬೆರಳೆಣಿಕೆಯವರು. ಆದರೆ ಅವರು ಯಾರ ಮನೆಯಲ್ಲಿ ಬೈಠಕ್ ಇದ್ದರೂ ಆ ಭಾರದ ಯಂತ್ರವನ್ನು ಟಾಂಗಾದಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಏಳು ಇಂಚಿನ ಸ್ಪೂಲನ್ನು ನಿಧಾನಗತಿಯಲ್ಲಿ ಓಡಿಸಿದರೆ ಒಂದು ಗಂಟೆ ಹಿಡಿಯುತ್ತದೆ. ಹಾಡುವವರ ಕೆಮ್ಮು, ತಂಬೂರಿ ಶ್ರುತಿ ಮಾಡುವ ಸದ್ದು, ಮುಂದಿನ ಸಾಲಿನಲ್ಲಿ ಕೂತವರ ಆಹಾಕಾರ ಎಲ್ಲವೂ ಅದರಲ್ಲಿ ಇವೆ. ಇನ್ನೊಂದು ವಿಚಿತ್ರ: ಸುತ್ತಿಟ್ಟ ಟೇಪಿನ ಒಂದು ಪದರದ ಕಾಂತ ಪಕ್ಕದ ಪದರಕ್ಕೂ ಸ್ವಲ್ಪ ಅಂಟುತ್ತದೆ. ಹಾಗಾಗಿ ಹಳೆಯ ಸ್ಪೂಲುಗಳಲ್ಲಿ ಹಾಡು ಶುರುವಾಗುವ ಮುಂಚೆಯೇ ಅದೇ ಹಾಡಿನ ಮೊದಲ ಸ್ವರ ತೀರ ಕ್ಷೀಣವಾಗಿ ಕೇಳುತ್ತದೆ. ಇವುಗಳಲ್ಲಿ ಅನೇಕವು ಈಗ ಸಾಯುತ್ತಿವೆ. ಅಸಿಟೇಟಿನ ಟೇಪು ಹಳತಾದಂತೆ ಹುಳಿತು ವಿನಿಗರಿನ ವಾಸನೆ ಹೊಡೆಯುತ್ತದೆ, ಸುರುಳಿಗಟ್ಟಿ ಪುಡಿಯಾಗುತ್ತದೆ. ಡಬ್ಬಿ ತೆರೆದಾಗ ಆ ವಾಸನೆ ಬಂದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಕ್ಯಾಸೆಟ್ಟಿನ ಬಗ್ಗೆ ಗಂಭೀರ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಅದು ಅನ್ಯಾಯ. 1963ರಲ್ಲಿ ಫಿಲಿಪ್ಸ್ ಅದನ್ನು ತಂದದ್ದು ಮಾತು ಹಿಡಿದಿಡುವ ಸಣ್ಣ ಸಾಧನವಾಗಿ. ಕನ್ನಡಕ್ಕೆ ಅದು ಕೊಟ್ಟದ್ದು ಲೆಕ್ಕಕ್ಕೆ ಸಿಗದಷ್ಟು. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಕವಿತೆ ಪುಸ್ತಕದಿಂದೆದ್ದು ಬಸ್ಸು, ಹೋಟೆಲು, ಕಾಲೇಜಿನ ಗ್ಯಾದರಿಂಗು ಎಲ್ಲ ಕಡೆ ನಡೆದಾಡಿತು. ಅಶ್ವತ್ಥರ ದನಿಯಲ್ಲಿ ಶರೀಫಜ್ಜ ಬೆಂಗಳೂರು ತಲುಪಿದ, ಕರಾವಳಿಯಲ್ಲಿ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆ ಮನೆಮನೆಯ ಆಸ್ತಿಯಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಕ್ಯಾಸೆಟ್ಟು ಬಂದ ಮೇಲೆ ಕಂಪನಿಯ ಅಪ್ಪಣೆಯಿಲ್ಲದೆ ಯಾರ ದನಿಯನ್ನಾದರೂ ಹಿಡಿದಿಡಬಹುದಾಯಿತು. ನಮ್ಮ ಅವ್ವನ ಬೀಸುಕಲ್ಲಿನ ಪದಗಳನ್ನು ಅಪ್ಪ ಟೂ ಇನ್ ಒನ್ನಿನಲ್ಲಿ ಹಿಡಿದಿದ್ದ. ಮೇಲಿನ ಅಂಚಿನ ಸಣ್ಣ ಪ್ಲಾಸ್ಟಿಕ್ ತುಣುಕನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಯಾರೂ ಮುರಿದಿರಲಿಲ್ಲ. ಹಬ್ಬಕ್ಕೆ ಬಂದ ನೆಂಟರ ಹುಡುಗರು ಕ್ರಿಕೆಟ್ ಕಾಮೆಂಟರಿಯನ್ನು ಅದೇ ಕ್ಯಾಸೆಟ್ಟಿಗೆ ತುಂಬಿದರು. ಕಾಮೆಂಟರಿ ಮುಗಿದ ಮೇಲೆ ಒಂದು ಪದದ ಕೊನೆಯ ಎರಡು ನುಡಿ, ಆಮೇಲೆ ಅವ್ವ “ಸಾಕೇನೋ?” ಎಂದು ಕೇಳುವುದು, ಇಷ್ಟು ಉಳಿದಿವೆ.

1982ರ ಸಿಡಿಯ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಸೂಜಿಯಿಲ್ಲ, ಸವೆತವಿಲ್ಲ, ಒಳಗೆ ಅಂಕಿಗಳು, ಕೆಲಸ ಚೊಕ್ಕಟ. ನಾನು ಹಳೆಯ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುವುದೂ ಅಂಕಿಗಳಾಗಿಯೇ. ಇದಕ್ಕೆ ಗ್ರಾಮಫೋನು ಬಳಸುವುದಿಲ್ಲ, ಅದರ ಭಾರಕ್ಕೆ ಪ್ಲೇಟು ಸವೆಯುತ್ತದೆ. ಹಗುರ ತೋಳಿನ ಟರ್ನ್‌ಟೇಬಲ್ ಬೇಕು. 78ರ ಗೀರು ಎಲ್‌ಪಿಯ ಗೀರಿಗಿಂತ ಮೂರು ಪಟ್ಟು ಅಗಲ. ಎಲ್‌ಪಿಯ ಸೂಜಿ ಹಾಕಿದರೆ ಅದು ತಳದ ಕಸದಲ್ಲಿ ಉರುಳಾಡಿ ಬರೀ ಗರಗರ ಎನ್ನುತ್ತದೆ, ಅದಕ್ಕೆ ದಪ್ಪ ಮೊನೆಯ ಬೇರೆಯೇ ಸೂಜಿ. ಇಳಿಸಿದ ಮೇಲೆ ಸದ್ದು ತೆಗೆಯುವ ಆಸೆ ಎಲ್ಲರಿಗೂ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಗರಗರ ಮಾಯ. ಆದರೆ ಅದರ ಜೊತೆಗೆ ಹಾಡುವವರ ಉಸಿರು, ತಂಬೂರಿಯ ಜವಾರಿ, ಸ್ವರದ ತುದಿಯ ನವಿರು ಎಲ್ಲ ಒರೆಸಿಹೋಗುತ್ತವೆ. ಗಾಂಧಾರಿಯ ದನಿಯ ಚೂಪು ಇರುವುದೇ ಆ ತುದಿಯಲ್ಲಿ. ಆದ್ದರಿಂದ ಪ್ರತಿ ಪ್ಲೇಟಿಗೂ ಮುಟ್ಟದ ಪ್ರತಿಯೊಂದನ್ನು ಮೊದಲು ಎತ್ತಿಡುತ್ತೇನೆ. ಒಳಸುತ್ತಿನ ಖಾಲಿ ಜಾಗದಲ್ಲಿ ಕೊರೆದಿರುವ ಅಚ್ಚಿನ ನಂಬರನ್ನೂ ಬರೆದಿಡುತ್ತೇನೆ. ಚೀಟಿ ಹರಿದರೂ ಆ ನಂಬರು ಹೋಗುವುದಿಲ್ಲ.

ಈಗ ಮೇಜಿನ ಮೇಲಿರುವುದು ಅಂಥದೇ ಒಂದು. ಧಾರವಾಡದ ಹಳೆಯ ಮನೆಯೊಂದನ್ನು ಕೆಡವುವಾಗ ರದ್ದಿಯವನ ಗಾಡಿಯಿಂದ ಇಳಿಸಿಕೊಂಡದ್ದು. ಒಂದು ಮಗ್ಗುಲಿನ ಚೀಟಿಯನ್ನು ಗೆದ್ದಲು ತಿಂದಿದೆ, ಇನ್ನೊಂದರಲ್ಲಿ ನಾಯಿಯ ಚಿತ್ರದ ಅರ್ಧ ಮಾತ್ರ ಉಳಿದಿದೆ. ಹೆಣ್ಣುದನಿ, ಭೂಪ ರಾಗ, ನೆಟ್ಟಗಿನ ತಬಲಾ. ಅಂಚು ಮುರಿದು ಮೊದಲ ಕೆಲವು ಸುತ್ತು ಹೋಗಿವೆ, ಆಮೇಲಿನದೆಲ್ಲ ಸ್ವಚ್ಛ. ಯಾರೆಂದು ಗುರುತು ಹತ್ತಿಲ್ಲ. ಆ ಕಾಲದ ಗಾಯಕಿಯರನ್ನೆಲ್ಲ ಎದುರು ಕೂತು ಕೇಳಿದ ಹಿರಿಯರೊಬ್ಬರು ಮಾಳಮಡ್ಡಿಯಲ್ಲಿದ್ದಾರೆ, ತೊಂಬತ್ತರ ಹತ್ತಿರದವರು. ಹಾಡನ್ನು ಫೋನಿಗೆ ಕಳಿಸಲೇ ಎಂದು ಕೇಳಿದ್ದಕ್ಕೆ ಅವರು, “ಫೋನಿನ್ಯಾಗ ಬ್ಯಾಡ್ರಿ, ಪ್ಲೇಟ ತಗೊಂಡು ಬರ್ರಿ. ಮಷೀನೂ ತರ್ರಿ, ಸೂಜಿ ಮಾತ್ರ ಹೊಸಾದಿರಲಿ,” ಎಂದಿದ್ದಾರೆ. ರವಿವಾರ ಹೋಗುತ್ತಿದ್ದೇನೆ.